ಪಿಡಿಎಫ್ ಸರದಿ ಕಟ್ಟಿಕೊಂಡಿದೆಯೇ? ಹೊಸ ಕಂಪ್ಯೂಟರ್ ಕೊಳ್ಳುವ ಮುನ್ನ ಹೀಗೆ ಮಾಡಿ

ಶುಕ್ರವಾರ ಸಂಜೆ ಐದೂವರೆ. ನಾಳೆ ಬೆಳಿಗ್ಗೆ ಬೀಮಿಗೆ ಕಂಬಿ ಕಟ್ಟಲು ಶುರು ಮಾಡಬೇಕು. ಸೈಟಿನಿಂದ ಮೂರನೇ ಸಲ ಫೋನು: ‘ಸರ್, ಡ್ರಾಯಿಂಗ್ ಇನ್ನೂ ಬಂದಿಲ್ಲವಲ್ಲ?’ ಡ್ರಾಯಿಂಗ್ ಮಧ್ಯಾಹ್ನವೇ ಮುಗಿದಿದೆ. ಆದರೆ ಪಿಡಿಎಫ್ ಮಾಡುವ ಕಂಪ್ಯೂಟರಿನಲ್ಲಿ ಅದರ ಮುಂದೆ ಇನ್ನೂರು ಫೈಲುಗಳು ನಿಂತಿವೆ.

ನಾನು ಕೆಲಸ ಮಾಡಿದ ಎರಡು ಸ್ಟ್ರಕ್ಚರಲ್ ಕಚೇರಿಗಳಲ್ಲಿ ಈ ಸಂಜೆಯನ್ನು ಕಂಡಿದ್ದೇನೆ. ಎರಡೂ ಕಡೆ ಮೊದಲು ಹೊಳೆದದ್ದು ಹೊಸ ಯಂತ್ರ ತರುವ ಉಪಾಯ. ತಂದರು, ತಿಂಗಳೊಳಗೆ ಸರದಿ ಮತ್ತೆ ಅಷ್ಟೇ ಉದ್ದ ಬೆಳೆಯಿತು. ಬೇಡದ ಫೈಲು, ಕೆಟ್ಟ ಫೈಲು ಎರಡನ್ನೂ ಹಾಗೇ ಬಿಟ್ಟು ಯಂತ್ರ ಬದಲಿಸಿದರೆ ಇನ್ನೇನಾದೀತು?

ವ್ಯವಸ್ಥೆ ಸಾಮಾನ್ಯವಾಗಿ ಹೀಗಿರುತ್ತದೆ: ಡ್ರಾಫ್ಟ್ಸ್‌ಮನ್ ಒಂದು ಫೋಲ್ಡರಿಗೆ ಡ್ರಾಯಿಂಗ್ ಹಾಕುತ್ತಾರೆ, ಆದೇಶಗಳನ್ನು ಸಾಲಾಗಿ ಬರೆದಿಟ್ಟ ಒಂದು ಬ್ಯಾಚ್ ಫೈಲ್ ಅದನ್ನು ಎತ್ತಿಕೊಂಡು ಪಿಡಿಎಫ್ ಮಾಡುತ್ತದೆ. ಪ್ರತಿ ಫೈಲಿಗೂ ಡ್ರಾಯಿಂಗ್ ಬಿಡಿಸುವ ತಂತ್ರಾಂಶ ಆಟೋಕ್ಯಾಡನ್ನು ಪೂರ್ತಿ ತೆರೆದು ಮುಚ್ಚುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. 2013ರ ಆವೃತ್ತಿಯಿಂದ ಆಟೋಕ್ಯಾಡ್ ಜೊತೆಗೇ ಕೋರ್ ಕನ್ಸೋಲ್ ಬರುತ್ತದೆ. ಪರದೆಯ ಮೇಲೆ ಏನನ್ನೂ ಬಿಡಿಸದೆ, ಕೊಟ್ಟ ಸ್ಕ್ರಿಪ್ಟನ್ನು (ಕಮಾಂಡು, ಉತ್ತರಗಳ ಪಟ್ಟಿ) ಓಡಿಸಿ ಮುಗಿಸುತ್ತದೆ.

ಮೊದಲ ಹೆಜ್ಜೆ: ಸರದಿಯ ಪಟ್ಟಿ ತೆಗೆದು ಕುಳಿತುಕೊಳ್ಳಿ. ಒಂದೇ ಡ್ರಾಯಿಂಗ್ ನಾಲ್ಕೈದು ಸಲ ಸಿಗುತ್ತದೆ, ಏಕೆಂದರೆ ಸೇವ್ ಮಾಡಿದಾಗಲೆಲ್ಲ ಯಾರೋ ಅದನ್ನು ಫೋಲ್ಡರಿಗೆ ಹಾಕಿದ್ದಾರೆ. ಕೊನೆಯದನ್ನು ಉಳಿಸಿ, ಮಿಕ್ಕವನ್ನು ತೆಗೆಯಿರಿ. ಇನ್ನು ಮುಂದೆ ರಿವಿಷನ್ ನಂಬರ್ ಬದಲಾದ ಶೀಟ್ ಮಾತ್ರ ಸರದಿಗೆ ಬರಲಿ.

ಎರಡನೆಯದೇ ಕಷ್ಟದ್ದು. ಸರದಿಯನ್ನು ಹಿಡಿದು ನಿಲ್ಲಿಸಿರುವ ಫೈಲು ಯಾವುದು? ಇದನ್ನು ಊಹಿಸಲು ಹೋಗಬೇಡಿ. ಪ್ರತಿ ಫೈಲು ಶುರುವಾದ ಮತ್ತು ಮುಗಿದ ಹೊತ್ತನ್ನು ಒಂದು ಲಾಗಿಗೆ ಬರೆಯುವ ಎರಡು ಸಾಲು ಬ್ಯಾಚ್ ಫೈಲಿನಲ್ಲಿ ಸೇರಿಸಿ. ಒಂದು ದಿನ ಓಡಿಸಿದರೆ ಸಾಕು: ಬಹಳಷ್ಟು ಫೈಲುಗಳು ಬೇಗ ಮುಗಿದು, ಬೆರಳೆಣಿಕೆಯವು ದಿನದ ದೊಡ್ಡ ಪಾಲನ್ನು ನುಂಗಿರುತ್ತವೆ. ಅವನ್ನು ಬೇರೆ ಫೋಲ್ಡರಿಗೆ ಎತ್ತಿಟ್ಟು ಒಂದೊಂದಾಗಿ ತೆರೆಯಿರಿ.

ಕೆಲವು ಫೈಲು ನಿಧಾನವಲ್ಲ, ಸ್ಕ್ರಿಪ್ಟಿನೊಂದಿಗೆ ಹೊಂದುವುದಿಲ್ಲ. ಶೀಟನ್ನು ಅಚ್ಚಿಗೆ ಕಳಿಸುವ ಪ್ಲಾಟ್ ಕಮಾಂಡಿನ ಹೆಸರಿನ ಮೊದಲಿಗೆ ಹೈಫನ್ ಹಾಕಿ ಕೊಟ್ಟಾಗ ಅದು ಪ್ರಶ್ನೆ ಕೇಳುತ್ತಾ ಹೋಗುತ್ತದೆ. ವಿವರವಾದ ಸೆಟ್ಟಿಂಗ್ ಬೇಕೇ ಎಂಬುದಕ್ಕೆ ‘ಯೆಸ್’ ಎಂದರೆ ಮಾಡೆಲ್ ಟ್ಯಾಬಿನ (ಬಿಡಿಸುವ ಜಾಗ) ಪ್ರಶ್ನೆಗಳು ಬೇರೆ, ಲೇಔಟಿನವು (ಹಾಳೆಗೆ ಜೋಡಿಸುವ ಜಾಗ) ಬೇರೆ. ಲೇಔಟಿಗೆಂದು ಬರೆದ ಉತ್ತರಗಳು ಮಾಡೆಲ್‌ನಲ್ಲಿ ಒಂದರ ಹಿಂದೊಂದು ತಪ್ಪು ಜಾಗಕ್ಕೆ ಬೀಳುತ್ತವೆ, ಪಿಡಿಎಫ್ ಹುಟ್ಟುವುದಿಲ್ಲ. ಬ್ಯಾಚ್ ಫೈಲ್ ಪಾಪ, ಅದನ್ನೇ ಮತ್ತೆ ಮತ್ತೆ ಪ್ರಯತ್ನಿಸುತ್ತಿರುತ್ತದೆ. ವಿವರವಾದ ಸೆಟ್ಟಿಂಗಿನ ಪ್ರಶ್ನೆಗೆ ‘ನೋ’ ಎಂದೇ ಹೇಳಿ, ಪ್ಲಾಟ್ ಸೆಟ್ಟಿಂಗುಗಳನ್ನು ಒಟ್ಟಿಗೆ ಉಳಿಸಿ ಹೆಸರಿಟ್ಟ ಪೇಜ್ ಸೆಟಪ್ ಒಂದನ್ನೇ ಎಲ್ಲರೂ ಬಳಸಿ. ಹಳೆಯ ಡ್ರಾಯಿಂಗಿನಲ್ಲಿ ಅದಿಲ್ಲದಿದ್ದರೆ ಟೆಂಪ್ಲೇಟಿನಿಂದ ಪಿಸೆಟಪ್‌ಇನ್ ಕಮಾಂಡ್ ಮೂಲಕ ತರಬಹುದು. ಹಳೆಯ ಪಿಡಿಎಫ್ ಅನ್ನು ಯಾರಾದರೂ ಅಕ್ರೊಬ್ಯಾಟ್‌ನಲ್ಲಿ ತೆರೆದಿಟ್ಟು ಊಟಕ್ಕೆ ಹೋಗಿದ್ದರೂ ಅದರ ಮೇಲೆ ಹೊಸದು ಬರೆಯಲಾಗದೆ ಕೆಲಸ ಸೋಲುತ್ತದೆ. ಎರಡು ಸಲ ಸೋತ ಫೈಲು ಸರದಿಯಿಂದ ಹೊರಗೆ ಬೀಳಬೇಕು. ಐದು ನಿಮಿಷ ಮೀರಿದ್ದನ್ನೂ ಹೊರಗೆ ಹಾಕುವಂತೆ ವಿಂಡೋಸ್‌ನ ಆದೇಶ ಸಾಧನ ಪವರ್‌ಶೆಲ್‌ನಲ್ಲಿ ಮಿತಿ ಇಡಿ.

ಇನ್ನು ಕೆಲವು ನಿಜಕ್ಕೂ ಊದಿಕೊಂಡಿರುತ್ತವೆ. ಬೇರೆ ಕಚೇರಿಗಳಿಂದ ಬಂದ ಬ್ಲಾಕ್‌ಗಳನ್ನು (ಸಿದ್ಧ ಚಿತ್ರಗಳು) ವರ್ಷಗಟ್ಟಲೆ ಕಾಪಿ ಮಾಡುತ್ತಾ ಬಂದರೆ ಬೇರೆ ತಂತ್ರಾಂಶಗಳು ನೋಂದಾಯಿಸಿಟ್ಟ, ರೆಗ್ಆ್ಯಪ್ ಎಂಬ ಕಾಣದ ಹೆಸರುಗಳು ಸಾವಿರಗಟ್ಟಲೆ ಅಂಟಿಕೊಳ್ಳುತ್ತವೆ. ಪರ್ಜ್ (ಬೇಡದ್ದನ್ನು ತೆಗೆಯುವ ಕಮಾಂಡ್) ಮಾಡಿದ್ದೇವಲ್ಲ ಎನ್ನುತ್ತಾರೆ. ಪರ್ಜ್‌ನ ಡೈಲಾಗ್ ಡಬ್ಬಿ ತೆರೆದು ಎಲ್ಲಕ್ಕೂ ಟಿಕ್ ಹಾಕಿದ ಮಾತ್ರಕ್ಕೆ ಇವು ಹೋದವೆಂದು ನಂಬಬೇಡಿ; ಪರ್ಜ್ ಕಮಾಂಡನ್ನೂ ಹೈಫನ್ ಹಾಕಿ ಟೈಪ್ ಮಾಡಿ ‘ಆರ್’ ಆಯ್ಕೆ ಕೊಡಬೇಕು. ನನ್ನ ಕ್ರಮ ಇದು: ಮೊದಲು ಫೈಲಿನ ನಕಲು, ಆಮೇಲೆ ಆಡಿಟ್ (ಫೈಲಿನ ದೋಷ ಸರಿಪಡಿಸುವ ಕಮಾಂಡ್), ರೆಗ್ಆ್ಯಪ್ ಪರ್ಜ್, ಮಾಮೂಲಿ ಪರ್ಜ್, ಮತ್ತೊಮ್ಮೆ ಆಡಿಟ್. ಎಕ್ಸ್‌ರೆಫ್ (ಕೊಂಡಿ ಹಾಕಿ ತೋರಿಸುವ ಬೇರೆ ಫೈಲು) ಆಗಿ ಬರುವ ಗ್ರಿಡ್ ಫೈಲು, ಆರ್ಕಿಟೆಕ್ಟ್ ಕಳಿಸಿದ ಪ್ಲಾನು ಎರಡಕ್ಕೂ ಇದೇ ಸ್ನಾನ ಆಗಬೇಕು. ಶೀಟನ್ನು ಮಾತ್ರ ತೊಳೆದು ಗ್ರಿಡ್ ಫೈಲನ್ನು ಹಾಗೇ ಬಿಟ್ಟವರನ್ನು ಎಷ್ಟು ನೋಡಿದ್ದೇನೋ! ಎಕ್ಸ್‌ರೆಫ್‌ಗಳನ್ನು ‘ಅಟ್ಯಾಚ್’ ಬದಲು ‘ಓವರ್‌ಲೇ’ ಮಾಡಿ. ಅಟ್ಯಾಚ್ ಮಾಡಿದರೆ ಈ ಡ್ರಾಯಿಂಗನ್ನು ಇನ್ನೊಂದಕ್ಕೆ ತಂದಾಗ ಒಳಗಿನದೂ ಬೆನ್ನಿಗೆ ಬೀಳುತ್ತದೆ. ಕೊನೆಗೆ ಪಾರದರ್ಶಕ ಭಾಗಗಳನ್ನು ಹಾಗೇ ಅಚ್ಚು ಮಾಡುವ ಪ್ಲಾಟ್ ಟ್ರಾನ್ಸ್‌ಪರೆನ್ಸಿ ನೋಡಿ. ಒಂದು ಹ್ಯಾಚ್ (ಗೆರೆ ಅಥವಾ ಬಣ್ಣ ತುಂಬಿದ ಭಾಗ) ತುಸು ಮಾಸಲು ಕಾಣಲೆಂದು ಅದನ್ನು ಹಚ್ಚಿಟ್ಟರೆ ಗೆರೆಗಳಾಗಿ ಹೋಗಬೇಕಾದ ಶೀಟು ಚಿತ್ರವಾಗಿ ಮಾರ್ಪಟ್ಟು, ಎ1 ಹಾಳೆಯೊಂದು ಎಲ್ಲರನ್ನೂ ಕಾಯಿಸುತ್ತದೆ.

ಬೇಗ ಆಗಲೆಂದು ಪುಕ್ಕಟೆ ಕನ್ವರ್ಟರ್ ಇಳಿಸಿಕೊಳ್ಳುವವರಿಗೆ ಒಂದು ಮಾತು. ನಾನು ಬಳಸಿ ನೋಡಿದವು ಫಾಂಟು ಬದಲಿಸಿದವು, ಗೆರೆಯ ದಪ್ಪ ಕಳೆದವು. ಕಂಬಿಯ ವ್ಯಾಸ ಓದಲಾಗದ ಪಿಡಿಎಫ್ ಎಷ್ಟು ಬೇಗ ಬಂದರೇನು? ನಮ್ಮಲ್ಲಿ ಇನ್ನೊಂದು ತೊಡಕಿದೆ. ಟೈಟಲ್ ಬ್ಲಾಕಿನಲ್ಲಿ ಹಳೆಯ ನುಡಿ ಫಾಂಟಿನ ಕನ್ನಡ ಇದ್ದು, ಪಿಡಿಎಫ್ ಮಾಡುವ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಅಚ್ಚಾಗುತ್ತವೆ. ಆ ಶೀಟು ವಾಪಸ್ ಬಂದು ಮತ್ತೆ ಸರದಿಯಲ್ಲಿ ನಿಲ್ಲುತ್ತದೆ. ಕಚೇರಿಯ ಎಲ್ಲ ಎಸ್‌ಎಚ್‌ಎಕ್ಸ್ (ಆಟೋಕ್ಯಾಡಿನದೇ ಬಗೆಯ) ಮತ್ತು ಕನ್ನಡ ಫಾಂಟುಗಳನ್ನು ಆ ಯಂತ್ರಕ್ಕೆ ಮೊದಲೇ ಹಾಕಿ. ಹೊಸ ಡ್ರಾಯಿಂಗಿಗೆ ಯೂನಿಕೋಡ್ ಅನ್ನೇ ಬಳಸಿ.

ಮೂರನೆಯದು ಸುಲಭ: ಫೈಲನ್ನೂ ಅದರ ಎಕ್ಸ್‌ರೆಫ್‌ಗಳನ್ನೂ ಸರ್ವರಿನಿಂದ ಯಂತ್ರದ ಸ್ವಂತ ಡಿಸ್ಕಿಗೆ ತಂದು ಪ್ಲಾಟ್ ಮಾಡಿ.

ಇಷ್ಟಾದ ಮೇಲೆ ಒಟ್ಟಿಗೆ ಓಡುವ ಕನ್ಸೋಲ್ ಸಾಲುಗಳನ್ನು ಹೆಚ್ಚಿಸಿ. ಪ್ಲಾಟ್ ಕೆಲಸ ಬಹುಮಟ್ಟಿಗೆ ಒಂದೇ ಕೋರಿನಲ್ಲಿ ನಡೆಯುವುದರಿಂದ, ಎಂಟು ಕೋರಿನ ಯಂತ್ರದಲ್ಲಿ ಒಂದೇ ಕನ್ಸೋಲ್ ಓಡಿಸಿದರೆ ಮಿಕ್ಕವು ಸುಮ್ಮನೆ ಕೂತಿರುತ್ತವೆ. ಎರಡರಿಂದ ಶುರು ಮಾಡಿ, ಮೆಮೊರಿ ನೋಡಿಕೊಂಡು ನಾಲ್ಕಕ್ಕೆ ಏರಿಸಿ. ಒಂದು ಸಾಲು ಅಂದೇ ಸೈಟಿಗೆ ಹೋಗುವ ಶೀಟುಗಳಿಗೆ ಮೀಸಲಿರಲಿ. ಲಾಗಿನಲ್ಲಿ ಸಿಕ್ಕಿಬಿದ್ದ ಭಾರದ ಫೈಲುಗಳಿಗೆ ರಾತ್ರಿ ಒಂಬತ್ತರ ನಂತರದ ಸಾಲು. ಸೋತ ಫೈಲುಗಳ ಪಟ್ಟಿ ಬೆಳಿಗ್ಗೆ ಆಯಾ ಡ್ರಾಫ್ಟ್ಸ್‌ಮನ್ನರ ಕೈಗೆ ಹೋಗಲಿ, ಸೈಟಿನಿಂದ ಮೊದಲ ಫೋನು ಬರುವ ಮುಂಚೆ.