ವಾಟ್ಸಾಪ್ ಗುಂಪಿನಿಂದ ದೂರು ವಹಿಗೆ: ನನ್ನ ಅನುಭವ

ಮಂಡ್ಯ ತಾಲ್ಲೂಕಿನ ಗ್ರಾಮ ಪಂಚಾಯತಿಯೊಂದರಲ್ಲಿ ನಾನು ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿದ್ದಾಗ 2023ರ ಮುಂಗಾರು ಕೈಕೊಟ್ಟು, ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್ ಜಲಾಶಯ) ತುಂಬಲಿಲ್ಲ. ಅಲ್ಲಿಂದ ಬರುವ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯದಿದ್ದರೆ ನಮ್ಮ ಕಡೆ ಒಣಗುವುದು ಗದ್ದೆ ಮಾತ್ರವಲ್ಲ, ನಾಲೆಯ ಜಿನುಗಿನಿಂದ ಜೀವ ಹಿಡಿದಿರುವ ಕುಡಿಯುವ ನೀರಿನ ಕೊಳವೆಬಾವಿಗಳೂ ಸೋಲುತ್ತವೆ. 2024ರ ಬೇಸಿಗೆ ಆರಂಭವಾಗುವ ಮೊದಲೇ ಖಾಲಿ ಕೊಡ ಹಿಡಿದವರು ಕಚೇರಿಯ ಮೆಟ್ಟಿಲ ಮೇಲೆ ಕೂರತೊಡಗಿದ್ದರು. ಅವರು ನಡೆದು ಬರುವ ಶ್ರಮವಾದರೂ ತಪ್ಪಲಿ ಎಂದು ನನ್ನದೇ ಮೊಬೈಲ್ ಸಂಖ್ಯೆಯಿಂದ ಊರಿಗೊಂದು ವಾಟ್ಸಾಪ್ ಗುಂಪು ಮಾಡಿ ಸದಸ್ಯರು, ನೀರುಗಂಟಿಗಳು, ಸ್ತ್ರೀಶಕ್ತಿ ಸಂಘದವರು ಮತ್ತು ಗ್ರಾಮಸ್ಥರನ್ನು ಸೇರಿಸಿದೆ.

ಮೊದಲ ವಾರ ಎಲ್ಲರೂ ಮೆಚ್ಚಿದರು. ಎರಡನೆಯ ವಾರದಿಂದ ಶುಭೋದಯದ ಚಿತ್ರಗಳು, ಹುಟ್ಟುಹಬ್ಬದ ಶುಭಾಶಯಗಳು ಮತ್ತು ಕಬ್ಬಿನ ಬೆಲೆಯ ಜಗಳ ಶುರುವಾದವು. ಪಿಂಚಣಿ ನಿಂತಿದೆಯೆಂದು ತಿಳಿಸಲು ಒಬ್ಬರು ತಮ್ಮ ತಾಯಿಯ ಆಧಾರ್ ಕಾರ್ಡು ಮತ್ತು ಬ್ಯಾಂಕ್ ಪುಸ್ತಕದ ಚಿತ್ರಗಳನ್ನು ಇನ್ನೂರಕ್ಕೂ ಹೆಚ್ಚು ಜನರ ಮುಂದೆ ಇಟ್ಟುಬಿಟ್ಟರು. ಆ ಗದ್ದಲದ ನಡುವೆ, ಕಾಲೊನಿಯ ಪಂಪಿನ ಸ್ಟಾರ್ಟರ್ ಸುಟ್ಟುಹೋಗಿದೆಯೆಂದು ಹುಡುಗನೊಬ್ಬ ರಾತ್ರಿ ಕಳುಹಿಸಿದ್ದ ಚಿತ್ರವನ್ನು ನಾನು ನೋಡಲೇ ಇಲ್ಲ. ಎರಡು ದಿನ ಆ ಕಾಲೊನಿಗೆ ನೀರಿರಲಿಲ್ಲ. 'ನಾನು ಹಾಕಿದ್ದೆ ಸಾರ್' ಎಂದು ಅವನು ಮೊಬೈಲ್ ತೋರಿಸಿದಾಗ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅವನ ದೂರು ಕಚೇರಿಯ ಯಾವ ಕಡತದಲ್ಲೂ ಇರಲಿಲ್ಲ.

ಮಾರ್ಚ್ 16ರಂದು ಲೋಕಸಭಾ ಚುನಾವಣೆಯ ಮಾದರಿ ನೀತಿ ಸಂಹಿತೆ ಜಾರಿಗೆ ಬಂದಿತು. ನಮ್ಮ ಮಂಡ್ಯದಲ್ಲಿ ಮತದಾನ ಏಪ್ರಿಲ್ 26ಕ್ಕಿತ್ತು. ಗುಂಪಿನಲ್ಲಿ ಪಕ್ಷವೊಂದರ ಪೋಸ್ಟರ್ ಕಾಣಿಸಿಕೊಂಡಾಗ ನಿಜವಾಗಿಯೂ ಹೆದರಿದೆ. ನಡತೆ ನಿಯಮಗಳ ಪ್ರಕಾರ ರಾಜಕೀಯದಿಂದ ದೂರ ಇರಬೇಕಾದ ಸರ್ಕಾರಿ ನೌಕರನೇ ಆ ಗುಂಪಿನ ಅಡ್ಮಿನ್! ಪೋಸ್ಟರನ್ನು ಅಳಿಸಿ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪನ್ನು ಬದಲಿಸಿದೆ. 'ಪಿಡಿಒ ನಮ್ಮ ಬಾಯಿ ಮುಚ್ಚಿಸಿದರು' ಎಂಬ ಮಾತು ಬಂದಿತು. ಅದರಲ್ಲಿ ಅರ್ಧ ಸತ್ಯವಿತ್ತು.

ಜನ ದೂರು ಹೇಳಲು ಬೇರೆ ದಾರಿ ಹುಡುಕಬೇಕಾಯಿತು. ಪಂಚಾಯತಿಯ ಹೆಸರಿನಲ್ಲಿ ಬೇರೆ ಸಿಮ್ ಪಡೆದು, ದೂರುಗಳನ್ನು ಆ ಸಂಖ್ಯೆಗೆ ಖಾಸಗಿಯಾಗಿಯೇ ಕಳುಹಿಸುವಂತೆ ತಿಳಿಸಿದೆವು. ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆಯಡಿ ಅರ್ಜಿ ಕೊಟ್ಟವರಿಗೆ ಸ್ವೀಕೃತಿ ಸಂಖ್ಯೆ ಸಿಗುವುದನ್ನು ಕಂಡಿದ್ದ ನಾನು ಅದೇ ಮಾದರಿಯಲ್ಲಿ, ಬರುವ ಪ್ರತಿಯೊಂದು ಸಂದೇಶವನ್ನು ಡೇಟಾ ಎಂಟ್ರಿ ಆಪರೇಟರ್ ಅಂದೇ ದಪ್ಪ ವಹಿಯೊಂದರಲ್ಲಿ ಬರೆದು, ಕ್ರಮಸಂಖ್ಯೆಯನ್ನು ದೂರುದಾರರಿಗೆ ಮರಳಿ ಕಳುಹಿಸಬೇಕೆಂದು ನಿಗದಿಪಡಿಸಿದೆ. ಬರೆಯಲು ಬಾರದವರು ಧ್ವನಿ ಸಂದೇಶ ಕಳುಹಿಸಿದರು. 'ಮೂರ್ ದಿನಾಯ್ತು ಕಣಪ್ಪ, ನಲ್ಲೀಲಿ ಬರೀ ಗಾಳಿ ಬತ್ತದೆ' ಎಂದು ಅಜ್ಜಿಯೊಬ್ಬರು ಹೇಳಿದ್ದನ್ನು ಆಪರೇಟರ್ 'ನೀರು ಸರಬರಾಜು ಸ್ಥಗಿತ' ಎಂದು ಬರೆದಿದ್ದರು. ಗಾಳಿ ಬರುತ್ತಿದೆಯೆಂದರೆ ಕೊಳವೆ ಎಲ್ಲೋ ಒಡೆದಿರಬಹುದೆಂದು ನೀರುಗಂಟಿಗೆ ತಕ್ಷಣ ಹೊಳೆಯಿತು. ಆಮೇಲೆ, ದೂರುದಾರರ ಮಾತನ್ನು ಅವರು ಆಡಿದಂತೆಯೇ ಬರೆಯಬೇಕೆಂದು ಸೂಚಿಸಿದೆ.

ಅಕ್ಷರದ ತೊಡಕೂ ಇತ್ತು. ನಾವು 'ನುಡಿ' ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡುತ್ತಿದ್ದ ತಿಳಿವಳಿಕೆ ಪತ್ರವನ್ನು ವಾಟ್ಸಾಪ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು; ಯೂನಿಕೋಡ್‌ಗೆ ಬದಲಾದ ಮೇಲೆ ಅದು ನಿಂತಿತು.

ಮೊಬೈಲ್ ಇಲ್ಲದ ಮನೆಗಳನ್ನು ನಾನು ತಡವಾಗಿ ಲೆಕ್ಕಕ್ಕೆ ತೆಗೆದುಕೊಂಡೆ. ನೀರು ಬಿಡುವ ವೇಳಾಪಟ್ಟಿ ಗುಂಪಿನಲ್ಲಿ ಮಾತ್ರ ಪ್ರಕಟವಾಗುತ್ತಿದ್ದಷ್ಟು ದಿನ, ಮೊಬೈಲ್ ಇದ್ದವರ ಕೊಡಗಳೇ ನಲ್ಲಿಯ ಮುಂದೆ ಮೊದಲು ಸಾಲುಗಟ್ಟುತ್ತಿದ್ದವು. ಕಚೇರಿಯ ಸೂಚನಾ ಫಲಕವನ್ನು ಯಾರೂ ಓದುವುದಿಲ್ಲ; ಆದರೆ ಹಾಲಿನ ಡೇರಿಗೆ ಬೆಳಿಗ್ಗೆ ಮತ್ತು ಸಂಜೆ ಊರಿನ ಹೆಚ್ಚುಕಡಿಮೆ ಎಲ್ಲ ಮನೆಗಳವರೂ ಬರುತ್ತಾರೆ. ಆದ್ದರಿಂದ ವೇಳಾಪಟ್ಟಿಯನ್ನು ಡೇರಿಯ ಗೋಡೆಗೆ ಅಂಟಿಸಿ, ಕಸದ ವಾಹನದ ಮೈಕಿನಲ್ಲಿ ಕೂಗಿಸಿದ ನಂತರವೇ ಗುಂಪಿಗೆ ಹಾಕುವ ಕ್ರಮ ತಂದೆ.

2024ರ ಜುಲೈನಲ್ಲಿ ಕಟ್ಟೆ 124.80 ಅಡಿಗೆ ತುಂಬಿತು. ನೀರಿನ ದೂರು ಇಳಿದರೂ ವಹಿ ನಿಲ್ಲಲಿಲ್ಲ. ಬೀದಿದೀಪ ಮತ್ತು ಚರಂಡಿಗಳು ಆ ಜಾಗಕ್ಕೆ ಬಂದವು. ನನಗೆ ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ನಗದು ಪುಸ್ತಕ, ಚೆಕ್ ಪುಸ್ತಕಗಳ ಕೆಳಗೆ 'ಸಿಮ್ ಸಹಿತ ಮೊಬೈಲ್ 1, ದೂರು ವಹಿ 2 ಸಂಪುಟ' ಎಂದು ಬರೆದೆ. ಹೊಸದಾಗಿ ಬಂದವರು ಸಹಿ ಹಾಕುವ ಮುನ್ನ ವಹಿಯ ಕೊನೆಯ ಪುಟ ತೆರೆದು, ಬಾಕಿ ಉಳಿದಿದ್ದ ಏಳು ದೂರುಗಳ ಬಗ್ಗೆ ಕೇಳಿದರು. ಮೊಬೈಲಿನ ಆರಂಕಿಯ ಪಿನ್ ಕೇಳಿದ್ದು ಅದಾದ ಮೇಲೆ.