ಪಾಟ್‌ಲಕ್‌ಗೆ ಏನು ಒಯ್ಯೋಣ? ಕೆಡದ, ಸೋರದ, ಆರಿದರೂ ರುಚಿಸುವ ಬುತ್ತಿ

ತೋರಣಗಲ್ಲಿನ ಟೌನ್‌ಶಿಪ್ಪಿರಲಿ, ಶಕ್ತಿನಗರದ ಕ್ವಾರ್ಟರ್ಸಿರಲಿ, ಬಳ್ಳಾರಿಯ ಅಪಾರ್ಟ್‌ಮೆಂಟಿನ ಟೆರೇಸಿರಲಿ, ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಪಾಟ್‌ಲಕ್‌ನಲ್ಲಿ ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಮನೆಯಲ್ಲಿ ಬಿಸಿಬಿಸಿ ತಿಂದಾಗ ಚೆನ್ನಾಗಿರುವುದನ್ನೇ ಡಬ್ಬಿಗೆ ಹಾಕಿಕೊಂಡು ಹೊರಡುತ್ತಾರೆ. ಮುಚ್ಚಳ ತೆಗೆಯುವ ಹೊತ್ತಿಗೆ ಪೂರಿ ಜಗ್ಗಿದರೂ ಹರಿಯುವುದಿಲ್ಲ, ಮಿರ್ಚಿ ಮೆತ್ತಗಾಗಿರುತ್ತದೆ, ಸಾರು ಚೀಲದ ತುಂಬ ಹರಡಿರುತ್ತದೆ.

ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲ ಹಳ್ಳಿಗಳವರು ಏನು ತರುತ್ತಾರೆ ನೋಡಿ: ಜೋಳದ ರೊಟ್ಟಿ ಮತ್ತು ಮಾದಲಿ (ಗೋಧಿ, ಬೆಲ್ಲದ ಸಿಹಿ ಪುಡಿ). ಎರಡೂ ಒಣ ಪದಾರ್ಥ, ಎರಡೂ ಮುಂಚಿತವಾಗಿ ಮಾಡಿಡುವಂಥವು. ಎಳ್ಳಮಾವಾಸ್ಯೆಯ ಹೊಲದ ಬುತ್ತಿಯೂ ಇದೇ ಲೆಕ್ಕಾಚಾರದ್ದು. ಪಾಟ್‌ಲಕ್‌ಗೂ ಅದೇ ಅಳತೆಗೋಲು ಸಾಕು. ಆರಿದ ಮೇಲೂ ರುಚಿಯಾಗಿರಬೇಕು, ಅಲ್ಲಿ ಹೋಗಿ ಒಲೆ ಕೇಳುವಂತಿರಬಾರದು, ತಟ್ಟೆಯಲ್ಲಿ ಪಕ್ಕದ ಪದಾರ್ಥಕ್ಕೆ ಹರಿಯಬಾರದು.

ಎಷ್ಟು ಮಾಡಬೇಕು?

ಹನ್ನೆರಡು ಜನ, ಆರೇಳು ಬಗೆ ಅಡುಗೆ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರೂ ನಿಮ್ಮ ಡಬ್ಬಿಯಿಂದ ಬಡಿಸಿಕೊಳ್ಳುವುದು ಎರಡು ಮೂರು ಸೌಟು ಮಾತ್ರ. ಆದ್ದರಿಂದ ಮನೆಯಲ್ಲಿ ಐದಾರು ಜನಕ್ಕೆ ಹೊಟ್ಟೆ ತುಂಬ ಮಾಡುವಷ್ಟು ಮಾಡಿದರೆ ಅಲ್ಲಿ ಹನ್ನೆರಡು ಜನಕ್ಕೆ ಸಾಲುತ್ತದೆ. ಕೆಳಗಿನ ಅಳತೆಗಳೆಲ್ಲ ಇದೇ ಲೆಕ್ಕದವು. ಯಾರು ಏನು ತರುತ್ತಾರೆಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲೇ ಬರೆಸಿಕೊಳ್ಳಿ. ಇಲ್ಲವಾದರೆ ನಾಲ್ಕು ಡಬ್ಬಿ ಚಿತ್ರಾನ್ನ ಬಂದು ಪಲ್ಯವೇ ಇಲ್ಲದಂತಾಗುತ್ತದೆ.

ಬಿಸಿಲಿನ ಲೆಕ್ಕ

ಬೇಯಿಸಿದ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ವಾತಾವರಣ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಒಂದೇ ಗಂಟೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ಮಾಮೂಲು, ಆಗ ಆ ಒಂದು ಗಂಟೆಯೂ ದೊಡ್ಡದೇ. ಸೂಕ್ಷ್ಮಾಣುಗಳು ಜೋರಾಗಿ ಬೆಳೆಯುವುದು 5ರಿಂದ 60 ಡಿಗ್ರಿಯ ನಡುವೆ. ಬಿಸಿಯಾಗಿ ಒಯ್ಯುವುದಾದರೆ ಹಾಟ್‌ಬಾಕ್ಸಿನಲ್ಲಿ ಕೈ ಸುಡುವಷ್ಟು ಬಿಸಿ ಇರಲಿ, ತಣ್ಣಗೆ ಒಯ್ಯುವುದಾದರೆ ಫ್ರಿಜ್ಜಿನಿಂದ ನೇರ ಐಸ್‌ಬಾಕ್ಸಿಗೆ ಹೋಗಲಿ. ಉಗುರುಬೆಚ್ಚಗೆ ಒಯ್ಯುವುದು ಎರಡಕ್ಕೂ ಕೇಡು.

ಎಣ್ಣೆಗಾಯಿ ಮತ್ತು ಕಡಕ್ ರೊಟ್ಟಿ

ಒಂದೇ ಆರಿಸಬೇಕೆಂದರೆ ಇದನ್ನೇ ಆರಿಸಿ. ಹಿಂದಿನ ರಾತ್ರಿ ಮಾಡಿಟ್ಟರೆ ಮರುದಿನ ಮಸಾಲೆ ಇನ್ನೂ ಒಳಗಿಳಿದು ರುಚಿ ಏರುತ್ತದೆ.

ಬೇಕಾದವು: ಎಳೆಯ ಗುಂಡು ಬದನೆಕಾಯಿ 1 ಕೆ.ಜಿ. (ಹದಿನಾರರಿಂದ ಇಪ್ಪತ್ತು ಬರುವ ಗಾತ್ರ), ಶೇಂಗಾ 150 ಗ್ರಾಂ, ಬಿಳಿ ಎಳ್ಳು ಮತ್ತು ಗುರೆಳ್ಳು ತಲಾ 2 ದೊಡ್ಡ ಚಮಚ, ಒಣಕೊಬ್ಬರಿ 50 ಗ್ರಾಂ, ಉಳ್ಳಾಗಡ್ಡಿ 3, ಬೆಳ್ಳುಳ್ಳಿ 12 ಎಸಳು, ಹುಣಸೆಹಣ್ಣು 30 ಗ್ರಾಂ, ಬೆಲ್ಲ 30 ಗ್ರಾಂ, ಖಾರಪುಡಿ 2 ದೊಡ್ಡ ಚಮಚ, ಮಸಾಲೆ ಪುಡಿ 1 ದೊಡ್ಡ ಚಮಚ, ಅರಿಶಿನ, ಉಪ್ಪು, ಕೊತ್ತಂಬರಿ, ಎಣ್ಣೆ 150 ಮಿ.ಲೀ.

1. ಹುಣಸೆಹಣ್ಣನ್ನು ಒಂದು ಲೋಟ ಬಿಸಿನೀರಿನಲ್ಲಿ ನೆನೆಹಾಕಿ. ಬದನೆಕಾಯಿಯ ತೊಟ್ಟು ಉಳಿಸಿ, ತಳದ ಕಡೆಯಿಂದ ಅಡ್ಡ ಮತ್ತು ಉದ್ದ ಸೀಳಿ. ಸೀಳು ತೊಟ್ಟಿನ ತನಕ ಹೋಗದಿರಲಿ. ಸೀಳಿದೊಡನೆ ಉಪ್ಪುನೀರಿಗೆ ಹಾಕಿದರೆ ಒಳಗೆ ಕಪ್ಪಾಗುವುದಿಲ್ಲ. ಸೀಳಿದಾಗ ಹುಳು ಕಂಡ ಕಾಯಿಯನ್ನು ಪೂರ್ತಿ ಬಿಸಾಡಿ, ಅರ್ಧ ಉಳಿಸುವ ಆಸೆ ಬೇಡ.

2. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಎಳ್ಳು, ಗುರೆಳ್ಳನ್ನು ಬೇರೆಬೇರೆಯಾಗಿ ಹುರಿಯಿರಿ. ಎಳ್ಳು ಚಟಪಟ ಎಂದು ಸಿಡಿದಾಗ ಗೊತ್ತಾಗುತ್ತದೆ. ಗುರೆಳ್ಳು ಮೊದಲೇ ಕಪ್ಪು, ಹತ್ತಿದ್ದು ಕಣ್ಣಿಗೆ ಕಾಣುವುದಿಲ್ಲ. ವಾಸನೆ ಎದ್ದ ತಕ್ಷಣ ಇಳಿಸಿ. ಎಣ್ಣೆಗಾಯಿ ಕಹಿಯಾಯಿತೆಂದು ಬದನೆಕಾಯಿಗೆ ಬೈಯುವವರು ಮೊದಲು ಗುರೆಳ್ಳನ್ನು ನೋಡಬೇಕು.

3. ಎರಡು ಚಮಚ ಎಣ್ಣೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿಯನ್ನು ಕೆಂಪಗೆ ಹುರಿಯಿರಿ. ಮನೆಯಲ್ಲಿ ಕೂಡಲೇ ಉಣ್ಣುವುದಾದರೆ ಹಸಿಯದೇ ಅರೆಯಬಹುದು. ಬುತ್ತಿಗೆ ಬೇಡ, ಹಸಿ ಉಳ್ಳಾಗಡ್ಡಿಯ ನೀರಿನಂಶ ಮಸಾಲೆಯನ್ನು ಬೇಗ ಹುಳಿಸುತ್ತದೆ. ಹಸಿ ತೆಂಗಿನಕಾಯಿ ಬದಲು ಒಣಕೊಬ್ಬರಿ ಹಾಕುವುದೂ ಅದಕ್ಕೇ.

4. ಹುರಿದ ಎಲ್ಲವನ್ನೂ ಕೊಬ್ಬರಿ, ಖಾರಪುಡಿ, ಮಸಾಲೆ ಪುಡಿ, ಅರಿಶಿನ, ಬೆಲ್ಲ, 3 ಸಣ್ಣ ಚಮಚ ಉಪ್ಪಿನೊಂದಿಗೆ ತರಿತರಿಯಾಗಿ ರುಬ್ಬಿ. ಅರ್ಧದಷ್ಟು ಹುಣಸೆ ರಸ ಹಾಕಿ ಗಟ್ಟಿಯಾಗಿ ಕಲಸಿ. ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು. ತೆಳುವಾದರೆ ಸೀಳಿನಿಂದ ಸೋರಿ ತಳ ಹತ್ತುತ್ತದೆ.

5. ಕಾಯಿಗಳನ್ನು ಬಟ್ಟೆಯಿಂದ ಒರೆಸಿ ಮಸಾಲೆ ತುಂಬಿ. ಅಗಲ ಬಾಂಡಲಿಯಲ್ಲಿ ಉಳಿದ ಎಣ್ಣೆ ಕಾಯಿಸಿ, ಸಾಸಿವೆ, ಕರಿಬೇವು ಹಾಕಿ, ಕಾಯಿಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ. ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ. ಒಮ್ಮೆ ಹೊರಳಿಸಿ, ಉಳಿದ ಮಸಾಲೆ, ಹುಣಸೆ ರಸ, ಅರ್ಧ ಲೋಟ ಬಿಸಿನೀರು ಸೇರಿಸಿ, ಇನ್ನು ಹತ್ತು ಹನ್ನೆರಡು ನಿಮಿಷ. ಆಮೇಲೆ ಸೌಟು ಆಡಿಸಬೇಡಿ, ಬಾಂಡಲಿಯನ್ನೇ ಹಿಡಿದು ಅಲುಗಾಡಿಸಿ.

6. ತೊಟ್ಟಿನ ಬುಡಕ್ಕೆ ಚಾಕು ಚುಚ್ಚಿದರೆ ಸ್ವಲ್ಪ ತಡೆದು ಇಳಿಯಬೇಕು, ಆಗ ಒಲೆ ಆರಿಸಿ. ಪೂರ್ತಿ ಮೆತ್ತಗಾಗುವ ತನಕ ಕಾದರೆ ಮುಗಿಯಿತು, ಉಳಿದ ಬಿಸಿಯಲ್ಲೇ ಬೆಂದು ಮರುದಿನ ಸಾಗಿಸುವಾಗ ತೊಟ್ಟು ಒಂದು ಕಡೆ, ಕಾಯಿ ಒಂದು ಕಡೆ ಆಗುತ್ತದೆ.

ಎಣ್ಣೆ ಮೇಲೆ ತೇಲುತ್ತಿರುವುದನ್ನು ನೋಡಿ ಬಸಿಯಲು ಹೋಗಬೇಡಿ, ರೊಟ್ಟಿಗೆ ಅದೇ ಬೇಕು. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಒಳಗಿನ ತನಕ ಕುದಿ ಬರುವಂತೆ ಬಿಸಿ ಮಾಡಿ ಸ್ಟೀಲಿನ ಹಾಟ್‌ಬಾಕ್ಸಿಗೆ ಹಾಕಿ. ಹುಣಸೆಯ ಹುಳಿಗೆ ಅಲ್ಯುಮಿನಿಯಂ ಪಾತ್ರೆ ಆಗುವುದಿಲ್ಲ.

ಕಡಕ್ ರೊಟ್ಟಿ ತಲೆಗೆ ಎರಡರಂತೆ 24 ಸಾಕು. ರೊಟ್ಟಿ ಕೇಂದ್ರದಿಂದ ತಂದರೂ ಯಾರೂ ಬೇಡವೆನ್ನುವುದಿಲ್ಲ, ಮನೆಯಲ್ಲೇ ಬಡಿದು ತರಬೇಕೆಂಬ ಹಟ ಬೇಡ. ರೊಟ್ಟಿಯ ಕಟ್ಟನ್ನು ಬಿಸಿ ಡಬ್ಬಿಯ ಮೇಲಿಟ್ಟರೆ ಹಬೆ ಹೀರಿ ಮೆತ್ತಗಾಗುತ್ತದೆ. ಅಗಲ ಬುಟ್ಟಿಯಲ್ಲಿ ಬಟ್ಟೆ ಹಾಸಿ, ಮಟ್ಟಸವಾಗಿ ಜೋಡಿಸಿ, ಬೇರೆಯೇ ಒಯ್ಯಿರಿ. ಹಿಂದಿನ ದಿನ ಪುಡಿ ಮಾಡಿಟ್ಟ ಶೇಂಗಾ ಚಟ್ನಿ ಒಂದು ಸಣ್ಣ ಡಬ್ಬಿಯಲ್ಲಿರಲಿ. ಎಣ್ಣೆಗಾಯಿ ಮುಗಿದರೂ ರೊಟ್ಟಿ ಉಳಿಯುವುದಿಲ್ಲ.

ಒಗ್ಗರಣೆ ಮಂಡಕ್ಕಿ

ಬಳ್ಳಾರಿ ಕಡೆ ಬೆಳಗಿನ ಹೋಟೆಲುಗಳಲ್ಲಿ ಒಗ್ಗರಣೆ-ಮಿರ್ಚಿ ಜೋಡಿ. ರಾಯಚೂರು ಕಡೆಯವರು ಸುಸಲಾ ಎನ್ನುತ್ತಾರೆ. ಮಾಡಲು ಇಪ್ಪತ್ತೈದು ನಿಮಿಷ, ಆದ್ದರಿಂದ ಹೊರಡುವ ಮುನ್ನವೇ ಮಾಡಿ.

ಮಂಡಕ್ಕಿ 400 ಗ್ರಾಂ, ಉಳ್ಳಾಗಡ್ಡಿ 4, ಹಸಿಮೆಣಸಿನಕಾಯಿ 8, ಟೊಮೆಟೊ 2, ಪುಟಾಣಿ (ಹುರಿಗಡಲೆ) 100 ಗ್ರಾಂ, ಒಣಕೊಬ್ಬರಿ 2 ದೊಡ್ಡ ಚಮಚ, ಎಣ್ಣೆ 100 ಮಿ.ಲೀ., ನಿಂಬೆಹಣ್ಣು 2. ಪುಟಾಣಿಯನ್ನು ಕೊಬ್ಬರಿ, ನಾಲ್ಕು ಎಸಳು ಬೆಳ್ಳುಳ್ಳಿಯೊಂದಿಗೆ ಪುಡಿ ಮಾಡಿಟ್ಟುಕೊಳ್ಳಿ.

ಕೆಲಸ ಕೆಡುವುದು ನೆನೆಸುವಾಗ. ಮಂಡಕ್ಕಿಯನ್ನು ಒಮ್ಮೆಗೇ ಬಕೆಟ್ಟಿಗೆ ಸುರಿದರೆ ಮೇಲಿನದು ತೇಲುತ್ತಿರುವಾಗಲೇ ಕೆಳಗಿನದು ಮುದ್ದೆಯಾಗುತ್ತದೆ. ಎರಡು ಬೊಗಸೆಯಂತೆ ನೀರಿಗೆ ಹಾಕಿ, ಅಂಗೈಯಿಂದ ಅದುಮಿ, ಅರ್ಧ ನಿಮಿಷದಲ್ಲಿ ತೆಗೆದು, ಎರಡೂ ಅಂಗೈ ನಡುವೆ ಹಿಂಡಿ. ಹಿಂಡಿದ ಉಂಡೆಯನ್ನು ಬೆರಳಿಂದ ತಟ್ಟಿದರೆ ಕಾಳು ಬಿಡಿಬಿಡಿಯಾಗಿ ಉದುರಬೇಕು. ನೀರು ಉಳಿದಿದ್ದರೆ ಎಷ್ಟು ಪುಟಾಣಿ ಪುಡಿ ಹಾಕಿದರೂ ಹದಕ್ಕೆ ಬರುವುದಿಲ್ಲ.

ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಶಿನ, ಕೊನೆಗೆ ಟೊಮೆಟೊ ಹಾಕಿ ನೀರಾರುವ ತನಕ ಬಾಡಿಸಿ. ಮಂಡಕ್ಕಿಯಲ್ಲೇ ಉಪ್ಪಿರುವುದುಂಟು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿ ಆಮೇಲೆ ಉಪ್ಪು ಹಾಕಿ. ಹಿಂಡಿದ ಮಂಡಕ್ಕಿ ಸೇರಿಸಿ ಎರಡು ನಿಮಿಷ ಕಲಸಿ ಒಲೆ ಆರಿಸಿ. ಪುಟಾಣಿ ಪುಡಿ, ನಿಂಬೆರಸ, ಕೊತ್ತಂಬರಿ ಒಲೆ ಆರಿದ ಮೇಲೆಯೇ. ಪುಡಿ ಉರಿಯ ಮೇಲಿದ್ದರೆ ಎಣ್ಣೆಯನ್ನೆಲ್ಲ ಹೀರಿ ಒಗ್ಗರಣೆ ಗಂಟಲಿಗಿಳಿಯದಂತಾಗುತ್ತದೆ, ನಿಂಬೆರಸ ಕಾದರೆ ಕಹಿ. ಹತ್ತು ನಿಮಿಷ ಮುಚ್ಚಳ ತೆರೆದಿಟ್ಟು ಹಬೆ ಹೋಗಲು ಬಿಟ್ಟು ಹಾಟ್‌ಬಾಕ್ಸಿಗೆ ಹಾಕಿ. ಬಿಗಿಯಾಗಿ ಮುಚ್ಚಿದ್ದರ ಮುಚ್ಚಳದಿಂದ ಇಳಿದ ನೀರು ಮೇಲಿನ ಪದರವನ್ನು ಹಾಳು ಮಾಡುತ್ತದೆ.

ಜೊತೆಗೆ ಮಿರ್ಚಿ ಬೇಡ. ಅದು ಬಾಣಲೆಯಿಂದ ತಟ್ಟೆಗೆ ಬರಬೇಕಾದ ಪದಾರ್ಥ. ಬದಲಿಗೆ ಮಜ್ಜಿಗೆ ಮೆಣಸಿನಕಾಯಿ ಕರಿದು, ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ.

ಮೊಸರನ್ನ

ಐಸ್‌ಬಾಕ್ಸ್ ಇದ್ದರೆ ಮಾತ್ರ ಒಯ್ಯಿರಿ. ಗಂಗಾವತಿ, ಸಿಂಧನೂರು ಕಡೆಯ ಸೋನಾಮಸೂರಿ 400 ಗ್ರಾಂಗೆ ಒಂದಕ್ಕೆ ನಾಲ್ಕರಂತೆ ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಸೌಟಿನಿಂದ ಮಸೆದು, ಕಾಯಿಸಿದ ಹಾಲು ಅರ್ಧ ಲೀಟರ್ ಬೆರೆಸಿ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿದ ಮೇಲೆ ಹುಳಿಯಿಲ್ಲದ ಗಟ್ಟಿ ಮೊಸರು ಕಾಲು ಲೀಟರ್, ಉಪ್ಪು. ಬಿಸಿ ಅನ್ನಕ್ಕೆ ಮೊಸರು ಹಾಕಿದರೆ ಒಡೆದು ನೀರು ಬಿಡುತ್ತದೆ. ಪೂರ್ತಿ ಮೊಸರನ್ನೇ ಹಾಕಿದರೆ ಊಟದ ಹೊತ್ತಿಗೆ ಬಾಯಿ ಕಿವಿಚುವಷ್ಟು ಹುಳಿ. ಅನ್ನ ನೀರು ಹೀರಿ ಗಟ್ಟಿಯಾಗುವುದರಿಂದ ಮನೆಯಲ್ಲಿ ಸ್ವಲ್ಪ ತೆಳುವೆನಿಸುವ ಹದಕ್ಕೇ ಬಿಡಿ. ಸಾಸಿವೆ, ಉದ್ದಿನಬೇಳೆ, ಇಂಗು, ಶುಂಠಿ, ಕರಿಬೇವಿನ ಒಗ್ಗರಣೆ ಕೊಟ್ಟು ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ದಾಳಿಂಬೆ ಕಾಳು ಬಡಿಸುವಾಗ ಉದುರಿಸಿ. ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಬೇಡ, ನೀರು ಬಿಡುತ್ತವೆ.

ರಾತ್ರಿಯ ಅನ್ನ ಉಳಿದಿದೆ ಎಂದು ಅದನ್ನೇ ಕಲಸುವುದು ಅಪಾಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗಿದ್ದಾಗ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಮಾದಲಿ

ಸಿಹಿಗೆ ಇದರಷ್ಟು ನಿಶ್ಚಿಂತೆಯದು ಇನ್ನೊಂದಿಲ್ಲ, ಮೂರು ದಿನ ಮೊದಲೇ ಮಾಡಿಡಬಹುದು. ಗೋಧಿ 300 ಗ್ರಾಂ, ಕಡಲೆಬೇಳೆ 60, ಅಕ್ಕಿ 30 ಗ್ರಾಂ ಸೇರಿಸಿ ತರಿಯಾಗಿ ಬೀಸಿಸಿ. ಬಿಸಿನೀರಿನಲ್ಲಿ ಗಟ್ಟಿಯಾಗಿ ನಾದಿ, ಅರ್ಧ ಗಂಟೆ ಬಿಟ್ಟು, ದಪ್ಪ ಚಪಾತಿ ಮಾಡಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಸುಡಿ. ಒಳಗೆ ಹಸಿ ಉಳಿದರೆ ಎರಡೇ ದಿನಕ್ಕೆ ಬೂಸಲು ಬರುತ್ತದೆ. ಮುರಿದು, ಹರಡಿ ಆರಿಸಿ, ಮಿಕ್ಸಿಯಲ್ಲಿ ರವೆಯ ಹದಕ್ಕೆ ಪುಡಿ ಮಾಡಿ. ಪುಡಿ ಪೂರ್ತಿ ತಣ್ಣಗಾದ ಮೇಲೆ ಬೆಲ್ಲದ ಪುಡಿ 250 ಗ್ರಾಂ, ಒಣಕೊಬ್ಬರಿ 50, ಪುಟಾಣಿ 50 ಗ್ರಾಂ, ಹುರಿದ ಗಸಗಸೆ, ಏಲಕ್ಕಿ, ಚೂರು ಒಣಶುಂಠಿ ಬೆರೆಸಿ. ಬೆಚ್ಚಗಿರುವಾಗ ಬೆಲ್ಲ ಹಾಕಿದರೆ ಕರಗಿ ಗಂಟುಗಟ್ಟುತ್ತದೆ. ಒಂದು ಲೀಟರ್ ಹಾಲು, 100 ಗ್ರಾಂ ತುಪ್ಪ ಬೇರೆ ಬೇರೆ ಒಯ್ದು, ತಟ್ಟೆಗೆ ಬಡಿಸಿದ ಮೇಲೆ ಹಾಕಿಕೊಳ್ಳಲಿ.

ಇದೂ ಬೇಡ, ಇಷ್ಟೆಲ್ಲ ಕೆಲಸ ಆಗುವುದಿಲ್ಲ ಎನ್ನುವವರಿಗೆ ಮಡಕೆ ಕಾಳಿನ ಉಸುಳಿ ಇದೆ. ಎಂಟು ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ ಕಾಳನ್ನು ಹಬೆಯಲ್ಲಿ ಬೇಯಿಸಿ ಒಗ್ಗರಣೆ ಹಾಕಿದರೆ ಆಯಿತು. ನೀರಿನಲ್ಲಿ ಕುದಿಸಿದರೆ ಕಾಳು ಒಡೆಯುತ್ತದೆ. ಬೇಸಿಗೆಯಲ್ಲಿ ಮೊಳಕೆ ಬೇಗ ಬರುತ್ತದೆ, ಅಷ್ಟೇ ಬೇಗ ವಾಸನೆಯೂ ಬರುತ್ತದೆ. ನಡುವೆ ಒಮ್ಮೆ ತೊಳೆದು ಮತ್ತೆ ಕಟ್ಟಿ.

ಹೊರಡುವ ಮುನ್ನ ಪ್ರತಿ ಡಬ್ಬಿಗೂ ಅದರದೇ ಸೌಟು ಕಟ್ಟಿ, ತಳಕ್ಕೆ ಹೆಸರು ಅಂಟಿಸಿ. ಮುಚ್ಚಳದ ಮೇಲೆ ‘ಶೇಂಗಾ ಇದೆ’, ‘ಉಳ್ಳಾಗಡ್ಡಿ-ಬೆಳ್ಳುಳ್ಳಿ ಇದೆ’ ಎಂದು ಬರೆದ ಚೀಟಿ ಇರಲಿ. ಶೇಂಗಾ ಅಲರ್ಜಿಯವರಿಗೆ, ವ್ರತದಲ್ಲಿರುವವರಿಗೆ ಪ್ರತಿಯೊಬ್ಬರನ್ನೂ ಕೇಳುವ ಪೇಚು ತಪ್ಪುತ್ತದೆ. ಊಟ ಮುಗಿದ ಮೇಲೆ ಮಾದಲಿ, ರೊಟ್ಟಿ, ಚಟ್ನಿಪುಡಿ ಹಂಚಿಕೊಂಡು ಮನೆಗೆ ಒಯ್ಯಬಹುದು. ಹೊರಗೆ ಗಂಟೆಗಟ್ಟಲೆ ಕುಳಿತ ಮೊಸರನ್ನ, ಉಸುಳಿ ಉಳಿದರೆ ಯಾರಿಗೂ ಕಟ್ಟಿಕೊಡಬೇಡಿ.