ಕ್ಯಾಬಿನ್ ಅಳೆದು ಕ್ರೂಸ್ ಮಾರಿದ ನನ್ನ ಅನುಭವ

ಮಂಗಳೂರಿನಲ್ಲಿ ಕ್ರೂಸ್, ಅಂದರೆ ಐಷಾರಾಮಿ ಹಡಗಿನ ಪ್ರವಾಸ, ಮಾರಾಟವಾಗುವುದಿಲ್ಲ ಎಂದು ನಮ್ಮ ಟ್ರಾವೆಲ್ಸ್ ವಲಯದಲ್ಲಿ ಹೇಳದವರೇ ಇಲ್ಲ. ಕಾಶಿ, ದುಬೈ, ಉಮ್ರಾ ಮಾಡಿಕೊಂಡು ಸುಮ್ಮನಿರಬಾರದೇ ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದ್ದರು. ಬ್ಯಾಂಕಿನಿಂದ ನಿವೃತ್ತರಾದ ನನ್ನ ಹಳೆಯ ಗ್ರಾಹಕರಂತೂ, "ಪಣಂಬೂರಿಗೆ ಹೋದರೆ ಪುಕ್ಕಟೆ ಕಾಣುವ ಸಮುದ್ರಕ್ಕೆ ಲಕ್ಷ ರೂಪಾಯಿ ಯಾಕೆ ಮಾರಾಯರೇ?" ಎಂದು ಕೇಳಿದ್ದರು. ಕಳೆದ ಸೀಸನ್ನಿನಲ್ಲಿ ಅವರೇ ಬೀಗರನ್ನೂ ಸೇರಿಸಿಕೊಂಡು ಹಡಗಿನಲ್ಲಿ ನಾಲ್ಕು ಕ್ಯಾಬಿನ್ (ಕೋಣೆ) ಬುಕ್ ಮಾಡಿಸಿದರು. ಈಗ ಧೈರ್ಯವಾಗಿ ಬರೆಯಬಹುದು.

ಆರಂಭದಲ್ಲಿ ಹೋದ ಹಣ ಸಣ್ಣದಲ್ಲ. ಪತ್ರಿಕೆಗೆ ಕಾಲು ಪುಟದ ಜಾಹೀರಾತು, ವಸ್ತುಪ್ರದರ್ಶನದಲ್ಲಿ ಮಳಿಗೆ, ಬಣ್ಣದ ಬ್ರೋಷರ್ ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ. ಬ್ರೋಷರ್ ಒಯ್ದವರು ನೂರಾರು ಮಂದಿ, ಮುಂಗಡ ಕೊಟ್ಟವರು ಒಂದೆರಡು ಕುಟುಂಬ. ಅದರ ಮೇಲೆ ಮುಂಬೈಯ ಸಗಟು ಏಜೆಂಟರೊಬ್ಬರು ಗುಂಪಿನ ಕ್ಯಾಬಿನ್‌ಗಳಿಗೆ ಹಣ ಕಟ್ಟಿಸಿಕೊಂಡು, ನಾನು ಗಡುವಿಗೆ ಮೊದಲೇ ಆ ಕ್ಯಾಬಿನ್‌ಗಳನ್ನು ಬಿಟ್ಟುಕೊಟ್ಟರೂ, ನಗದಿನ ಬದಲು ಮುಂದಿನ ಬುಕಿಂಗಿಗೆ ಸಲ್ಲುವ ಕ್ರೆಡಿಟ್ ನೋಟ್ ಎಂದು ಎಂಬತ್ತು ಸಾವಿರವನ್ನು ವರ್ಷವಿಡೀ ಹಿಡಿದಿಟ್ಟರು. ಕಮಿಷನ್ ಸಿಗುವುದೂ ಮೂಲ ದರಕ್ಕೆ ಮಾತ್ರ. ಬಂದರು ಶುಲ್ಕ, ತೆರಿಗೆ, ಟಿಪ್ಸ್ ಇವಕ್ಕೆ ಒಂದು ಪೈಸೆ ಇಲ್ಲ. ಲಕ್ಷದ ಬಿಲ್ಲಿನಲ್ಲಿ ಕೈಗೆ ಏಳೆಂಟು ಸಾವಿರ ಉಳಿದರೆ ಹೆಚ್ಚು.

ಹಡಗು ಒಳಗಿನಿಂದ ನೋಡದೆ ಮಾರಲಾಗದು ಎಂಬುದು ಆಗ ಖಚಿತವಾಯಿತು. ನಮ್ಮ ನವಮಂಗಳೂರು ಬಂದರಿಗೂ ಐಷಾರಾಮಿ ಹಡಗುಗಳು ಬರುತ್ತವೆ. ಕೋವಿಡ್ ಬಳಿಕ 2022ರ ನವೆಂಬರಿನಲ್ಲಿ ಮೊದಲು ಬಂದದ್ದು ಯೂರೋಪಾ 2. ಅತಿಥಿಗಳು ಇಳಿದು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ ನೋಡಿ ಸಂಜೆಗೆ ಹೊರಟುಬಿಡುತ್ತಾರೆ. ನಮಗೆ ಒಳಗೆ ಹೋಗುವುದು ಸುಲಭವಲ್ಲ. 2004ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಬಂದರು ಭದ್ರತಾ ನಿಯಮ ಅಷ್ಟು ಬಿಗಿ. ಹಾಗಾಗಿ ಮತ್ಸ್ಯಗಂಧ ರೈಲು ಹತ್ತಿ ಮುಂಬೈಗೆ, ಇನ್ನೊಮ್ಮೆ ಕೊಚ್ಚಿಗೆ, ಆಮೇಲೆ ಸ್ವಂತ ಖರ್ಚಿನಲ್ಲಿ ಸಿಂಗಾಪುರದ ಮರೀನಾ ಬೇ ಹಡಗು ನಿಲ್ದಾಣಕ್ಕೆ ಹೋದೆ. ಹಳೆಯ ಪ್ರಯಾಣಿಕರು ಇಳಿದು ಹೊಸಬರು ಹತ್ತುವ ನಡುವಿನ ಎರಡು ಮೂರು ಗಂಟೆಯೇ ಏಜೆಂಟರಿಗೆ ಸಿಗುವ ಸಮಯ. ಹಡಗಿನೊಳಗೆ ಹೋಗುವ ಪಾಸ್ ಸುಲಭವಾಗಿ ಸಿಗಲು ಯಾರಿಗೆ, ಯಾವಾಗ ಬರೆಯಬೇಕು ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಡಗಿನ ಕಂಪನಿಯವರು ತೋರಿಸುವುದು ಸೂಟ್ (ದುಬಾರಿಯ ದೊಡ್ಡ ಕ್ಯಾಬಿನ್), ಥಿಯೇಟರ್, ಸ್ಪಾ, ಕೊನೆಗೆ ಊಟ. ನಾನು ಕೇಳಿದ್ದು ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್, ಈಜುಕೊಳದ ಕೆಳಗಿನ ಕ್ಯಾಬಿನ್, ಲೈಫ್‌ಬೋಟ್ ಅಡ್ಡ ಬರುವ ಕಿಟಕಿ. ಕೈಯಲ್ಲಿ ಅಳತೆಯ ಟೇಪು. ಒಂದು ಹಳೆಯ ಹಡಗಿನಲ್ಲಿ ಬಚ್ಚಲಿನ ಹೊಸ್ತಿಲು ಸುಮಾರು ಆರು ಇಂಚು ಎತ್ತರವಿತ್ತು. ಕಬ್ಬಿಣದ ಅಂಚು, ಹಿಡಿದುಕೊಳ್ಳಲು ಒಳಗೊಂದೇ ಸರಳು, ಅದೂ ಎಡಗಡೆಗೆ. ಮಂಡಿ ಶಸ್ತ್ರಚಿಕಿತ್ಸೆ ಆದವರು ರಾತ್ರಿ ಎದ್ದರೆ ಗತಿ ಏನು? ಸೂಟಿನ ಫೋಟೊ ನೋಡಿದರೆ ಇದು ಗೊತ್ತಾಗುವುದಿಲ್ಲ. ಪಾಶ್ಚಾತ್ಯ ಹಡಗುಗಳ ಶೌಚಾಲಯದಲ್ಲಿ ಬರೀ ಕಾಗದ; ಒಂದು ಮಗ್ ಒಯ್ಯಿರಿ ಎಂದು ನಾನು ಮೊದಲೇ ಹೇಳುತ್ತೇನೆ. ಗೋಡೆಗಳು ಉಕ್ಕಿನವಾದ್ದರಿಂದ ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಒದ್ದೆ ಬಟ್ಟೆಯ ಚಿಂತೆ ಇಲ್ಲ.

"ದೊಡ್ಡ ಹಡಗು" ಎಂಬ ಮಾತನ್ನು ನಾನು ನಂಬುವುದನ್ನೇ ಬಿಟ್ಟಿದ್ದೇನೆ. ಯೂರೋಪಾ 2 ಸುಮಾರು 43 ಸಾವಿರ ಗ್ರಾಸ್ ಟನ್, ಪ್ರಯಾಣಿಕರು 500ರ ಆಸುಪಾಸು. ಮುಂಬೈಯಿಂದ ಹೊರಡುವ, 1990ರಲ್ಲಿ ಕಟ್ಟಿದ ಎಂಪ್ರೆಸ್ ಸುಮಾರು 48 ಸಾವಿರ ಗ್ರಾಸ್ ಟನ್, ಪ್ರಯಾಣಿಕರು 1,600ಕ್ಕೂ ಹೆಚ್ಚು. ಗ್ರಾಸ್ ಟನ್ ಎಂದರೆ ತೂಕವಲ್ಲ, ಒಳಗಿನ ಅವಕಾಶ. ಟನ್ನನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ ತಲೆಗೆಷ್ಟು ಜಾಗ ಎಂದು ನೋಡಿದರೆ ಐಷಾರಾಮ ಯಾವುದು, ಗೌಜು ಯಾವುದು ಎಂದು ಗ್ರಾಹಕರಿಗೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಮಕ್ಕಳಿರುವ ಕುಟುಂಬಕ್ಕೆ ಗೌಜೇ ಬೇಕು, ಅದೂ ನಿಜ.

ಲಕ್ಷದ್ವೀಪದ ದಾರಿಯಲ್ಲಿ ಒಂದು ಪ್ರಯೋಗ ಮಾಡಿದೆ. ಒಂದೇ ಅಳತೆಯ ಗಾಜಿನ ಲೋಟದಲ್ಲಿ ನೀರು ತುಂಬಿ, ಮಟ್ಟಕ್ಕೆ ಪೆನ್ನಿನ ಗೆರೆ ಎಳೆದು ಮೂತಿಯ ಕಡೆ, ನಡುವೆ, ಹಿಂಬದಿಯಲ್ಲಿ ಇಟ್ಟು ನೋಡಿದೆ. ನಡುವಿನ ಕೆಳಗಿನ ಡೆಕ್ಕಿನಲ್ಲಿ ನೀರು ಗೆರೆಯಿಂದ ಆಚೀಚೆ ಹೋದದ್ದು ಮೂತಿಯ ಕಡೆಯದರ ಅರ್ಧದಷ್ಟು. ತಲೆಸುತ್ತು ಬರುವವರಿಗೆ ಬಾಲ್ಕನಿ ಆಸೆ ಬಿಡಿಸಿ ನಾನು ಅಲ್ಲೇ ಕೂರಿಸುತ್ತೇನೆ.

ಇನ್ನೊಂದು, ಗಂಜಿಯದು. ಉಡುಪಿ ಕಡೆಯ ಹಿರಿಯರಿಗೆ ಮೂರನೇ ದಿನಕ್ಕೆ ಬಫೆ ಸಾಕಾಗುತ್ತದೆ. ಸಿಂಗಾಪುರದಿಂದ ಹೊರಡುವ ಹಡಗುಗಳ ಬೆಳಗಿನ ಬಫೆಯಲ್ಲಿ ಚೀನೀಯರ ಗಂಜಿ ಇರುತ್ತದೆ. ಬಿಳಿ ಅಕ್ಕಿಯದು, ಕುಚ್ಚಲಕ್ಕಿಯಲ್ಲ, ಆದರೂ ಗಂಜಿಯೇ. ಮಾಂಸ ಬೆರೆಸದ ಪಾತ್ರೆ ಯಾವುದೆಂದು ಕೇಳಿ ಹಾಕಿಸಿಕೊಳ್ಳಬೇಕು. ಮನೆಯ ಉಪ್ಪಿನಕಾಯಿ ಭರಣಿಯನ್ನು ಬಾಗಿಲಲ್ಲೇ ತಡೆಯುತ್ತಾರೆ. ಕಾರ್ಖಾನೆಯಲ್ಲಿ ಸೀಲ್ ಆದ ಸಣ್ಣ ಪೊಟ್ಟಣಗಳಿಗೆ ನನ್ನ ಗುಂಪಿನಲ್ಲಿ ಯಾರೂ ಅಡ್ಡಿ ಮಾಡಿಲ್ಲ. "ಮನೆಯಲ್ಲಿ ಉಂಡ ಹಾಗಾಯಿತು ಮಗಾ" ಎಂದು ಕಾಪುವಿನ ಅಜ್ಜಿಯೊಬ್ಬರು ಅಲ್ಲಿಂದಲೇ ಫೋನ್ ಮಾಡಿದರು. ಆ ಒಂದು ಫೋನಿನಿಂದ ಬಂದ ಬುಕಿಂಗ್, ಜಾಹೀರಾತಿಗೆ ಸುರಿದ ಹಣದಿಂದ ಬಂದಿರಲಿಲ್ಲ.

ಈಗ ನನ್ನ ಬಳಿ ಹಡಗಿನ ಹೆಸರಿಗೊಂದರಂತೆ ನೋಟ್‌ಪುಸ್ತಕ ಇದೆ: ಹೊಸ್ತಿಲಿನ ಎತ್ತರ, ಲಿಫ್ಟಿನ ದೂರ, ರಾತ್ರಿ ಡಿಸ್ಕೊ ಕೇಳಿಸುವ ಬಾಗಿಲುಗಳು. ನಂಬರುಗಳನ್ನು ಕೇಳಬೇಡಿ, ಅದು ನನ್ನ ಬಂಡವಾಳ. ಗ್ರಾಹಕರು ಬಂದರೆ ಬ್ರೋಷರ್ ತೆಗೆಯುವುದಿಲ್ಲ. ಮಂಡಿ ಹೇಗಿದೆ, ನಿದ್ದೆ ಹೇಗೆ, ಗೊರಕೆ ಯಾರಿಗೆ ಎಂದು ಕೇಳಿ, ನಾನೇ ತೆಗೆದ ವಿಡಿಯೊ ತೋರಿಸಿ ಕ್ಯಾಬಿನ್ ನಂಬರ್ ಬರೆದುಕೊಡುತ್ತೇನೆ. ಕಳೆದ ಸೀಸನ್ನಿನಲ್ಲಿ ಖರ್ಚು ಕಳೆದು ಮೂರು ಲಕ್ಷದ ಮೇಲೆ ಉಳಿಯಿತು. ಕೊನೆಗೊಂದು ಮಾತು: ಸಿಂಗಾಪುರದಿಂದ ಹೊರಟು ಮಲೇಷ್ಯಾ ಮುಟ್ಟಿ ಬರುವ ಹಡಗಾದರೆ ಸಿಂಗಾಪುರಕ್ಕೆ ಎರಡು ಬಾರಿ ಪ್ರವೇಶವಾಗುತ್ತದೆ. ವೀಸಾ ಬಹು ಪ್ರವೇಶದ್ದೇ ಎಂದು ಹಣ ಕಟ್ಟುವ ಮೊದಲು ನೋಡಿಕೊಳ್ಳಿ.